ಎಲ್ಲಿಂದ, ಎಲ್ಲಿಗೆ?

ನಮ್ಮ ಕಡೆಯ ಬಸ್ಸಿಗೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ ಅಂತ ಒಂದು ಬೋರ್ಡು ಇದ್ದರೆ ಮುಗಿಯಿತು. ಹೋಗುವಾಗಲೂ ಅದೇ, ಬರುವಾಗಲೂ ಅದೇ. ನಡುವಿನ ಶಿರಾಳಕೊಪ್ಪದಲ್ಲಿ ನಿಂತವನು ಮಾತ್ರ ಕಂಡಕ್ಟರನ ಮುಖ ನೋಡಬೇಕು: ‘ಯಾವ ಕಡೆಗ್ರೀ?’ ದೂರವೇನೋ ಅಷ್ಟೇ. ಆದರೆ ಎಲ್ಲಿಂದ ಎಲ್ಲಿಗೆ ಎಂಬುದು ತಿರುಗಿತೋ, ಸ್ಥಾನಪಲ್ಲಟ ಸದಿಶದ ಬಾಣವೂ ತಿರುಗಿತು.

ಸದಿಶ ಎಂಬ ಮಡಿಮಾತು ನನ್ನ ಬಾಯಿಗೆ ಹತ್ತಿದ್ದು ಪಕ್ಕದ ಮನೆಯ ಪಿಯುಸಿ ಹುಡುಗಿಯ ದಯೆ. ಮಳೆಗೆ ಕರೆಂಟು ಹೋದ ಸಂಜೆ ಜಗಲಿಗೆ ಬಂದವಳೇ, ‘ಮಾವ, ಬಯೋಟ್–ಸವಾರ್ಟ್ ನಿಯಮದಲ್ಲಿ ಒಂದು ಪುಸ್ತಕ ಛೇದಕ್ಕೆ ಆರ್ ವರ್ಗ ಅಂತದೆ, ಇನ್ನೊಂದು ಆರ್ ಘನ ಅಂತದೆ. ಯಾವುದು ಸರಿ?’ ಅಂದಳು. ಕರೆಂಟು ಹರಿಯುವ ತಂತಿಯ ತುಂಡು ಸುತ್ತ ಎಬ್ಬಿಸುವ ಕಾಂತಕ್ಷೇತ್ರದ ಲೆಕ್ಕ ಅದು; ಆರ್ ಅಂದರೆ ಆ ತುಂಡಿನಿಂದ ದೂರ. ಕರೆಂಟಿಲ್ಲದ ಹೊತ್ತಿನಲ್ಲಿ ಕರೆಂಟಿನ ಪ್ರಶ್ನೆ! ಆ ಫ್ರೆಂಚ್ ಮಹನೀಯರಿಬ್ಬರು 1820ರಲ್ಲಿ ಹುಟ್ಟಿಸಿದ ತಲೆನೋವು ನನ್ನ ಕಾಫಿಯ ಹೊತ್ತಿಗೇ ಬರಬೇಕೆ?

‘ಎರಡೂ ಸರಿ ಮಾರಾಯ್ತಿ’ ಅಂದೆ. ತಾಳಗುಂದಕ್ಕೆ ದಾರಿ ಕೇಳಿದರೆ ನಮ್ಮ ಹಿರಿಯರು ಗದ್ದ ಎತ್ತಿ ‘ಹಿಂಗೇ ಹೋಗಿ’ ಅನ್ನುತ್ತಾರೆ. ಎಷ್ಟು ದೂರ ಅಂತ ಬಾಯಿ ಬಿಡುವುದಿಲ್ಲ. ಏಕಮಾನ ಸದಿಶವೂ ಹಾಗೇ, ಬರೀ ದಿಕ್ಕು. ಉದ್ದ ಯಾವಾಗಲೂ ಒಂದೇ. (ತಾಳಗುಂದ ಅಂದಕೂಡಲೇ ಮಯೂರನ ನೆನಪು. ಕಂಚಿಗೆ ಓದಲು ಹೋಗಿ, ಪಲ್ಲವರೊಡನೆ ಜಗಳವಾಡಿ, ಶ್ರೀಪರ್ವತದ ಕಾಡು ಸುತ್ತಿ, ಕೊನೆಗೆ ಬನವಾಸಿಯಲ್ಲಿ ರಾಜ್ಯ ಕಟ್ಟಿದ. ಸ್ಥಾನಪಲ್ಲಟದ ಲೆಕ್ಕದಲ್ಲಿ ಸೊರಬದಾಚೆಯ ಒಂದೂರಿಗೆ ಹೋದಷ್ಟೇ!)

ಎಲ್ಲಿದ್ದೆ? ಹಾಂ, ಘನ. ಆರ್ ವರ್ಗದ ಸೂತ್ರದಲ್ಲಿ ಮೇಲಿರುವ ಏಕಮಾನ ಸದಿಶದ ಬದಲು ಇಡೀ ಸ್ಥಾನಪಲ್ಲಟವನ್ನೇ ಬರೆದರೆ ದೂರವೂ ಜತೆಗೆ ನುಸುಳುತ್ತದೆ. ಅದನ್ನು ಹೊಡೆದುಹಾಕಲು ಕೆಳಗೆ ಇನ್ನೊಂದು ಆರ್ ಬೇಕು. ದೂರ ಎರಡಾದರೆ ಎಂಟರಲ್ಲಿ ಎರಡು ಪಾಲು, ಅಂದರೆ ಕಾಲುಭಾಗ. ಕಾಂತಕ್ಷೇತ್ರ ಕುಗ್ಗುವುದು ವರ್ಗದ ಲೆಕ್ಕದಲ್ಲೇ. ಘನವೆಂಬುದು ಬರೀ ವೇಷ.

ಬಾಣ ಹೊರಡಬೇಕಾದ್ದು ತಂತಿಯ ತುಂಡಿನಿಂದ, ನಾವು ನಿಂತ ಜಾಗಕ್ಕೆ. ಶಿಕಾರಿಪುರದಲ್ಲಿ ಒಂದು ತುಂಡು ತಂತಿ, ಅದರಲ್ಲಿ ಕರೆಂಟು ಉತ್ತರಕ್ಕೆ ಹರಿಯುತ್ತಿದೆ ಅನ್ನಿ. ಸೊರಬ ಅಲ್ಲಿಂದ ಹೆಚ್ಚುಕಡಿಮೆ ಪಶ್ಚಿಮಕ್ಕೆ. ಬಲಗೈ ನಿಯಮದಂತೆ ಸೊರಬದಲ್ಲಿ ಕಾಂತಕ್ಷೇತ್ರ ಉತ್ತರಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ನೆಟ್ಟಗೆ ಆಕಾಶಕ್ಕೆ!

ಹುಡುಗಿ ಬಲಗೈ ಬೆರಳು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

‘ಸರಿ ಮಾವ, ಇದು ಮೂರು ಮಾರ್ಕಿಗೋ, ಐದಕ್ಕೋ?’