ಪ್ಲಾನ್ ಕಾಕಾ

ಯಾದಗಿರಿ ಬಳಿಯ ಅಬ್ಬೆತುಮಕೂರಿನ ಸುತ್ತಮುತ್ತ ಮನೆತನಕ್ಕೊಬ್ಬ ಪ್ಲಾನ್ ಕಾಕಾ ಇರುತ್ತಾನೆ. ನಿವೃತ್ತಿಗೆ ಹತ್ತಿರವಾದ ಮಾಸ್ತರ, ಇಲ್ಲವೇ ಸೊಸೈಟಿಯ ಕಾರ್ಯದರ್ಶಿ. ಜೇಬಿನಲ್ಲಿ ಎರಡು ಬಣ್ಣದ ಪೆನ್ನು, ಬಗಲಲ್ಲಿ ಹೋದ ವರ್ಷದ ಡೈರಿ ಇವನ ಗುರುತು. ಮನೆಮಂದಿಯನ್ನೆಲ್ಲ ಕ್ರೂಸರ್‌ನಲ್ಲಿ ತುಂಬಿ ನಾಲ್ಕು ಊರು ತೋರಿಸುವುದೇ ಇವನ ಜೀವನದ ಗುರಿ. ಎಲ್ಲಿಗೆ ಹೋಗಬೇಕೆಂಬುದು ಮಾತ್ರ ಇವನ ಕೈಯಲ್ಲಿಲ್ಲ.

ಇವನ ಯೋಜನೆ ದೂರದಿಂದಲೇ ಶುರುವಾಗುತ್ತದೆ. ಬೆಂಗಳೂರಿನ ಅಳಿಯ ಮಾಚು ಪಿಚುವಿನ ವಿಡಿಯೊ ಕಳಿಸಿದ ದಿನ ಡೈರಿಯಲ್ಲಿ ಪೆರು ದೇಶದ ಪುಟ ತೆರೆಯುತ್ತದೆ. ಮಾಚು ಪಿಚುವಿಗೆ ಹೋಗುವ ದಾರಿಯಲ್ಲಿ ಸಿಗುವ, ಇಂಕಾಗಳ ರಾಜಧಾನಿಯಾಗಿದ್ದ ಕುಸ್ಕೊ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಉಸಿರು ಕಟ್ಟುತ್ತದೆ. ವಿಮಾನದ ಟಿಕೆಟ್ ದರ ನೋಡಿದರೆ ಇಲ್ಲೇ ಕಟ್ಟುತ್ತದೆ. ಆಗ ಕಾಕಾ ತೀರ್ಮಾನ ಹೇಳುತ್ತಾನೆ: ಅಲ್ಲಿರುವುದು ಬೆಟ್ಟ, ಕೋಟೆ, ಹಳೇ ಕಲ್ಲು, ನದಿ, ಇವೆಲ್ಲ ಸುರಪುರ ಸೀಮೆಯಲ್ಲೇ ಇವೆ. ಮಾಚು ಪಿಚು 15ನೇ ಶತಮಾನದ್ದು. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಸಿಕ್ಕ ಕಲ್ಲಿನ ಆಯುಧಗಳಿಗೆ ಸುಮಾರು 12 ಲಕ್ಷ ವರ್ಷ. ಹಿರಿಯರನ್ನು ಮೊದಲು ಕಂಡು ಬರುವುದು ಧರ್ಮ.

ಮೂರು ದಿನದ ಪಟ್ಟಿ ನಿಮಿಷಗಳ ಲೆಕ್ಕದಲ್ಲಿ ಸಿದ್ಧವಾಗುತ್ತದೆ. ಮೊದಲ ದಿನ ಯಾದಗಿರಿ ಕೋಟೆ, ಭೀಮಾ ಸೇತುವೆ ದಾಟಿ ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ, '10 ನಿಮಿಷ, ಗಾಡಿಯಿಂದ ಇಳಿಯತಕ್ಕದ್ದಲ್ಲ', ಆಮೇಲೆ ವಿಭೂತಿಹಳ್ಳಿ. ಎರಡನೇ ದಿನ ಸುರಪುರದ ಅರಮನೆ, 1840ರ ದಶಕದಲ್ಲಿ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್‌ನ ಬಂಗಲೆ ಟೇಲರ್ ಮಂಜಿಲ್, 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನ ಕಥೆ. ಬಳಿಕ 1705ರಲ್ಲಿ ಔರಂಗಜೇಬನೇ ಖುದ್ದಾಗಿ ಬಂದು ಮುತ್ತಿದ ವಾಗಣಗೇರಾ. ಮೂರನೇ ದಿನ ಇಸಾಂಪುರ, ಬೋನಾಳ ಕೆರೆಯ ಹಕ್ಕಿಗಳು, ನಾರಾಯಣಪುರದ ಬಸವಸಾಗರ ಡ್ಯಾಮ್. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದರಿಂದ ಮುಹೂರ್ತ ಡಿಸೆಂಬರ್‌ನಲ್ಲಿ.

ಪಟ್ಟಿ ಓದಿದ ಮೇಲೆ ತಿದ್ದುಪಡಿಗಳು ಬರುತ್ತವೆ. "ತಿಂಥಣಿ ಮೋನಪ್ಪಯ್ಯನ್ನ ಬಿಟ್ಟು ಎಲ್ಲಿಗ್ ಹೊಂಟೀರಿ?" ಎಂದು ಅಜ್ಜಿ ಗದರುತ್ತಾಳೆ. "ಮೂರು ದಿನಕ್ಕ ರೊಟ್ಟಿ ಬಡಿಯೋರು ಯಾರು?" ಎಂದು ವೈನಿ ಕೇಳುತ್ತಾಳೆ. ಹುಡುಗರಿಗೆ ಡ್ಯಾಮ್ ಬಿಟ್ಟು ಬೇರೇನೂ ಬೇಡ. ಕಾಕಾ ಜಗಳಕ್ಕಿಳಿಯುವುದಿಲ್ಲ. ಮೂರು ದಿನ ಒಂದೇ ದಿನವಾಗುತ್ತದೆ; ಪಟ್ಟಿಯ ತಲೆಗೆ ತಿಂಥಣಿಯ ಮೋನಪ್ಪಯ್ಯನ ಗುಡಿ, ಬಾಲಕ್ಕೆ ಡ್ಯಾಮ್ ಬರುತ್ತದೆ. ಟೇಲರ್, ಔರಂಗಜೇಬ ಇಬ್ಬರೂ ಕೆಂಪು ಶಾಯಿಯಲ್ಲಿ ಕಾಟಾಗುತ್ತಾರೆ. ಕಲ್ಲುಗಳನ್ನು ಮಾತ್ರ ಅವನು ಉಪಾಯದಿಂದ ಉಳಿಸಿಕೊಳ್ಳುತ್ತಾನೆ. ವಿಭೂತಿಹಳ್ಳಿ ಎಂಬ ಹೆಸರಿಗೇ ಅಜ್ಜಿ ಕೈಮುಗಿದು ಒಪ್ಪುತ್ತಾಳೆ. ಅಲ್ಲಿ ತೋರಿಸಲಿರುವುದು ಗುಡಿಯಲ್ಲ, ಬೃಹತ್ ಶಿಲಾ ಸಂಸ್ಕೃತಿಯವರು ಬಯಲಿನಲ್ಲಿ ಸಾಲುಸಾಲಾಗಿ ಇಟ್ಟ ಬಂಡೆಗಳು ಎಂಬುದನ್ನು ಅವನು ಬಾಯಿಬಿಡುವುದಿಲ್ಲ. ಇಸಾಂಪುರ ಪಟ್ಟಿಯಲ್ಲಿ 'ಬುತ್ತಿ ಬಿಚ್ಚುವ ಜಾಗ' ಎಂದು ದಾಖಲಾಗುತ್ತದೆ.

ಬೆಳಗಿನ ಐದಕ್ಕೆ ಹೊರಡಬೇಕಾದ ಕ್ರೂಸರ್, ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠದಲ್ಲಿ ಕಾಯಿ ಒಡೆಸಿ ಎಂಟೂವರೆಗೆ ಹೊರಡುತ್ತದೆ. ಇಸಾಂಪುರದಲ್ಲಿ ಕಟಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹರವಿಕೊಂಡು ಮನೆಮಂದಿ ಕೂತಾಗ ಕಾಕಾನ ಸಮಯ ಬರುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಇಲ್ಲಿ ಅಗೆದು ನೋಡಿತು, ಚಪ್ಪಟೆ ಸುಣ್ಣಕಲ್ಲು ಇಲ್ಲೇ ಸಿಗುತ್ತಿದ್ದುದರಿಂದ ಆದಿಮಾನವರು ಇಲ್ಲಿಯೇ ಕೂತು ಕೈಗೊಡಲಿ ಕೆತ್ತುತ್ತಿದ್ದರು ಎಂದು ಅವನು ವಿವರಿಸುತ್ತಾನೆ. ಕಾಕಾನ ತಮ್ಮ ಸುತ್ತಲೂ ನೋಡಿ, "ಇಂಥಾವು ನಮ್ಮ ಹೊಲದಾಗೂ ರಗಡ ಅದಾವ" ಎನ್ನುತ್ತಾನೆ. ಅಜ್ಜಿ ಒಂದು ಚಕ್ಕೆಯನ್ನು ಕೈಯಲ್ಲಿ ಹಿಡಿದು, ಅಂಚಿಗೆ ಹೆಬ್ಬೆರಳು ಸವರಿ, "ಉಳ್ಳಾಗಡ್ಡಿ ಹೆಚ್ಚಲಿಕ್ಕ ಬರ್ತದ" ಎಂದು ಅಲ್ಲೇ ಇಡುತ್ತಾಳೆ. ಆ ದಿನ ಕಾಕಾನ ಪಾಠ ನೆಟ್ಟಗೆ ಮುಟ್ಟಿದ್ದು ಅವಳೊಬ್ಬಳಿಗೇ.

ಡ್ಯಾಮ್ ತಲುಪುವ ಹೊತ್ತಿಗೆ ಕತ್ತಲಾಗಿರುತ್ತದೆ. ಅದರ ಅಪರಾಧಿ ಕಾಕಾ. ತಿಂಥಣಿಯಲ್ಲಿ ದರ್ಶನ ಬೇಗ ಆಗಿದ್ದರೆ ಅದು ಮೋನಪ್ಪಯ್ಯನ ಕೃಪೆ. ಮರುದಿನ ಡೀಸೆಲ್ ಮತ್ತು ಬಾಡಿಗೆ ತಲೆಗಿಷ್ಟು ಎಂದು ಹಂಚಿಕೆಯಾಗುತ್ತದೆ. ನಾಲ್ಕು ಕಡೆ ಕುಡಿದ ಚಹಾ, ಹುಡುಗರ ಐಸ್‌ಕ್ರೀಮು, ಪಂಕ್ಚರ್ ಇವು ಪ್ಲಾನಿನಲ್ಲಿ ಇರಲಿಲ್ಲವಾದ್ದರಿಂದ, ನಿಯಮದ ಪ್ರಕಾರ ಪ್ಲಾನ್ ಹಾಕಿದವನೇ ಕೊಡಬೇಕಾಗುತ್ತದೆ.