ಪುಕ್ಕಟೆ ಬೀಗದ ಬೆಲೆಪಟ್ಟಿ

ನಮ್ಮೂರು ಉಳವಿಯಲ್ಲಿ ಕೂತೇ ಲೋಕಕ್ಕೆ ಮಾರಿ ಎಂದು ಸರ್ಕಾರ ಹೇಳುತ್ತದೆ. ಬ್ಯಾಂಕು ಹೇಳುತ್ತದೆ. ಹಬ್ಬಕ್ಕೆ ಬಂದ ಬೆಂಗಳೂರಿನ ನೆಂಟನೂ ಹೇಳುತ್ತಾನೆ. ಸರಿ, ಆನ್‌ಲೈನ್ ಅಂಗಡಿ ತೆರೆದೆವು ಎಂದಿಟ್ಟುಕೊಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿಗೊಂದು ಡೊಮೇನು, ಜೇನುತುಪ್ಪಕ್ಕೊಂದು, ಹಾಳೆತಟ್ಟೆಗೊಂದು, ಸೊರಬದ ಗುಡಿಗಾರರ ಕೆತ್ತನೆಗೊಂದು.

ಆಗ ವೆಬ್‌ಸೈಟ್ ಮಾಡಿಕೊಡುವ ಮಹಾಶಯ ಬಾಯಿ ತೆರೆಯುತ್ತಾನೆ. "ನಾಲ್ಕಕ್ಕೂ ಎಸ್ಎಸ್ಎಲ್ ಸರ್ಟಿಫಿಕೇಟು ಬೇಕು ಸಾರ್. ಒಂದೊಂದಕ್ಕೂ ಬೇರೆ ರೇಟು."

ಹೆದರಿಸಲು ಅವನಿಗೆ ಕಾರಣವಿದೆ. ಆ ಸರ್ಟಿಫಿಕೇಟೇ ತಾಣಕ್ಕೆ ಎಚ್‌ಟಿಟಿಪಿಎಸ್ ಕೊಡುವುದು. ಎಚ್‌ಟಿಟಿಪಿಎಸ್ ಇಲ್ಲದ ತಾಣದ ಹಣೆಗೆ ಗೂಗಲ್‌ನ ಕ್ರೋಮ್ ಬ್ರೌಸರು 2018ರ ಜುಲೈನಿಂದ ‘ಸುರಕ್ಷಿತವಲ್ಲ’ ಎಂದು ಅಂಟಿಸುತ್ತಿದೆ. ಇದನ್ನು ಅವನು ಎರಡು ಸಲ ಹೇಳುತ್ತಾನೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಡಿಸೆಂಬರಿನಿಂದ ಅದೇ ಸರ್ಟಿಫಿಕೇಟನ್ನು ಪುಕ್ಕಟೆ ಹಂಚುತ್ತಿದೆ ಎಂಬುದನ್ನು ಒಂದು ಸಲವೂ ಹೇಳುವುದಿಲ್ಲ. ಅದರ ಒಂದೇ ಸರ್ಟಿಫಿಕೇಟಿನಲ್ಲಿ 100 ಹೆಸರು ಹಿಡಿಸುತ್ತವೆ. ನಮ್ಮವು ನಾಲ್ಕು.

ಬಿಲ್ಲಿನಲ್ಲಿ ಈ ಪುಕ್ಕಟೆ ಸರ್ಟಿಫಿಕೇಟಿನ ಹೆಸರು ‘ಪ್ರೀಮಿಯಂ ಸೆಕ್ಯುರಿಟಿ’.

ಇನ್ನೊಬ್ಬ ಇನ್ನೂ ಚುರುಕು. ಎಲ್ಲದಕ್ಕೂ ಒಂದೇ ವೈಲ್ಡ್‌ಕಾರ್ಡ್ ಸರ್ಟಿಫಿಕೇಟು ಸಾಕು ಎನ್ನುತ್ತಾನೆ. ಸಾಕಾಗುವುದಿಲ್ಲ ಸ್ವಾಮಿ. ಅದು ಕಾಯುವುದು ಒಂದು ಡೊಮೇನಿನ ಸಬ್‌ಡೊಮೇನುಗಳನ್ನು. ಉಪ್ಪಿನಕಾಯಿಯದು ಜೇನುತುಪ್ಪಕ್ಕೆ ಬಾರದು. ನಾಲ್ಕನ್ನೂ ಒಂದೇ ಸರ್ಟಿಫಿಕೇಟಿಗೆ ಪೋಣಿಸಿದರೂ ತಾಪತ್ರಯವೇ. ಹಾಳೆತಟ್ಟೆಯ ಡೊಮೇನಿಗೆ ದುಡ್ಡು ಕಟ್ಟುವುದು ಮರೆತರೆ, ನವೀಕರಣದ ದಿನ ನಾಲ್ಕೂ ಒಟ್ಟಿಗೆ ಮುಗ್ಗರಿಸುತ್ತವೆ. ಡೊಮೇನಿಗೊಂದು ಪುಕ್ಕಟೆ ಸರ್ಟಿಫಿಕೇಟು, ಅವನ್ನು ತಾನಾಗಿ ನವೀಕರಿಸುವ ಒಂದು ಪ್ರೋಗ್ರಾಮು. ವಿದ್ಯೆ ಇಷ್ಟೇ. ಹೇಳಿಕೊಟ್ಟರೆ ಮಹಾಶಯನ ಹೊಟ್ಟೆಪಾಡೇನು?

ಇಷ್ಟಾದ ಮೇಲೆ ಸಿಗುವುದು ದಾರಿಯ ಭದ್ರತೆ ಮಾತ್ರ. ಗಿರಾಕಿ ಒತ್ತಿದ ಕಾರ್ಡ್ ನಂಬರು ನಡುದಾರಿಯಲ್ಲಿ ಕಳುವಾಗದು. ತಲುಪಿದ ಮನೆಯೇ ಕಳ್ಳನದಾದರೆ? ಅಲ್ಲಿಗೂ ಭದ್ರವಾಗಿಯೇ ತಲುಪುತ್ತದೆ. ಪುಕ್ಕಟೆ ಸರ್ಟಿಫಿಕೇಟು ಕೊಡುವವರು ಕೇಳುವುದು ಡೊಮೇನು ನಿನ್ನ ಕೈಯಲ್ಲಿದೆಯೇ ಎಂದಷ್ಟೇ. ನೀನು ಎಂಥವನು ಎಂದಲ್ಲ. ಮೂಟೆಗೆ ಸೀಲು ಬಿದ್ದ ಮಾತ್ರಕ್ಕೆ ಒಳಗಿನ ಕಳಪೆ ಗೊರಬಲು ಒಳ್ಳೆಯ ‘ರಾಶಿ ಇಡಿ’ ಆಗುವುದಿಲ್ಲ. ಅಡಿಕೆ ಮಂಡಿಯ ಹಮಾಲರಿಗೂ ಇದು ಗೊತ್ತು.

ಗೂಗಲ್‌ಗೆ ಸ್ವಲ್ಪ ತಡವಾಗಿ ಗೊತ್ತಾಯಿತು. ಜನ ತಾಣದ ವಿಳಾಸದ ಪಕ್ಕದ ಬೀಗದ ಚಿತ್ರ ನೋಡಿ ಅಂಗಡಿಯವನನ್ನೇ ನಂಬುತ್ತಾರೆ, ಮೋಸದ ತಾಣಗಳಿಗೂ ಬೀಗವಿದೆ ಎಂದು 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ಆ ಚಿತ್ರವನ್ನೇ ಕಿತ್ತುಹಾಕಿತು. ನಮ್ಮ ಸೈಬರ್ ಜಾಗೃತಿ ಭಾಷಣಗಳಲ್ಲಿ ಬೀಗ ಇನ್ನೂ ನೇತಾಡುತ್ತಿದೆ. ‘ಬೀಗ ನೋಡಿ, ಹಣ ಹಾಕಿ.’

ಭಾಷಣ ಮಾಡುವ ಸರ್ಕಾರದ ಮನೆ ಹೇಗಿದೆ? 2014ರ ಜುಲೈಯಲ್ಲಿ ಕೇಂದ್ರ ಸರ್ಕಾರದ ಮಾಹಿತಿ ಕೇಂದ್ರವಾದ ಎನ್‌ಐಸಿ ಹೆಸರಿನಲ್ಲಿ ಗೂಗಲ್, ಯಾಹೂ ಡೊಮೇನುಗಳಿಗೇ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದದ್ದು ಗೊತ್ತಾಯಿತು. ಆಮೇಲೆ ಭಾರತ ಸರ್ಕಾರದ ಮುದ್ರೆಯನ್ನು ಕ್ರೋಮ್ ಬೆರಳೆಣಿಕೆಯ ಡೊಮೇನುಗಳಿಗಷ್ಟೇ ಒಪ್ಪಿಕೊಂಡಿತು. ರಾಜ್ಯದ್ದು ಇನ್ನೂ ಸೊಗಸು. ಆಸ್ತಿ ನೋಂದಣಿಯ ಕಾವೇರಿ ತಾಣದಲ್ಲಿದ್ದ ಪತ್ರಗಳಿಂದ ಬೆರಳಚ್ಚು ಎತ್ತಿ, ಆಧಾರ್ ಪಾವತಿಯಲ್ಲಿ ಜನರ ಖಾತೆ ಬರಿದು ಮಾಡಿದ ದೂರುಗಳು 2023ರಲ್ಲಿ ಬಂದವು. ಹೆಬ್ಬೆಟ್ಟು ಒತ್ತಿಸಿಕೊಂಡವರು ಸರ್ಕಾರದವರೇ. ಅದನ್ನು ಮುಚ್ಚಿಡಬೇಕೆಂದು ಹೊಳೆದದ್ದು ಕಳ್ಳ ಎತ್ತಿಕೊಂಡ ಮೇಲೆ. ಉಳವಿಯ ಉಪ್ಪಿನಕಾಯಿಗೆ ಮಾತ್ರ ಭದ್ರತೆಯ ಪಾಠ.

ಈಗ ಹೊಸ ನಿಯಮ ಬಂದಿದೆ. ಸರ್ಟಿಫಿಕೇಟಿನ ಗರಿಷ್ಠ ಆಯಸ್ಸು 2026ರ ಮಾರ್ಚ್ 15ರಿಂದ 200 ದಿನ. 2027ರ ಮಾರ್ಚಿನಿಂದ 100. 2029ರ ಮಾರ್ಚಿನಿಂದ 47. ಯಂತ್ರಕ್ಕೆ ಬಿಟ್ಟರೆ ಖರ್ಚಿಲ್ಲ, ನಿದ್ದೆಗೂ ತೊಂದರೆಯಿಲ್ಲ. ಮಹಾಶಯ ಬೇರೆ ಲೆಕ್ಕ ಹಾಕಿ ಮುಗಿಸಿರುತ್ತಾನೆ: ವರ್ಷಕ್ಕೆ ಎಂಟು ನವೀಕರಣ, ನಾಲ್ಕು ಡೊಮೇನು, 32 ಬಿಲ್ಲು. ಜಿಎಸ್‌ಟಿ ಪ್ರತ್ಯೇಕ.