ಸುಸ್ತಾದ ನಕಾಶೆ

ಔರಾದಿನಿಂದ ಕಾಕಾ ಫೋನು: "ತಮ್ಮಾ, ನಿನ್ನ ನಕಾಶಾ ತೆರಿಯೋದ್ರಾಗ ನಾ ಬಸ್ಸಿನಾಗ ಭಾಲ್ಕಿ ಮುಟ್ಟೀನಿ. ಹೊಲ ಇನ್ನೂ ಬಂದಿಲ್ಲ!"

ಎಲ್ಲರೂ ಬೈದದ್ದು ನೆಟ್‌ವರ್ಕಿಗೆ. ಪಾಪ, ಅದರದೇನೂ ತಪ್ಪಿಲ್ಲ. ಬೀದರಿನ ನೌಬಾದ್ ಕರೇಜಿನ (ನೆಲದಡಿಯ ನೀರ್ಗಾಲುವೆಯ) ಸಾಲುಬಾವಿಗಳಲ್ಲಿ ನೀರು ಎಲ್ಲಿ ನಿಂತಿದೆಯೆಂದು ಒಂದೊಂದಾಗಿ ಇಣುಕಿದಂತೆ ಸರ್ವರಿನ ಲಾಗಿನಲ್ಲಿ ಇಣುಕಿದೆ. ನಕಾಶೆಯೆಂದರೆ 256 ಪಿಕ್ಸೆಲ್ ಚೌಕಗಳ ಕೌದಿ. ಒಂದು ಹಂತ ಹಿಗ್ಗಿಸಿದರೆ ಚೌಕಗಳು ನಾಲ್ಕುಪಟ್ಟು. 18ನೇ ಹಂತಕ್ಕೆ ಲೋಕಕ್ಕೆಲ್ಲ ಸುಮಾರು 6,872 ಕೋಟಿ! ನಮ್ಮ ಸರ್ವರು ಒಂದನ್ನೂ ಕೂಡಿಡದೆ, ಕೇಳಿದಾಗಲೆಲ್ಲ ಹೊಸದಾಗಿ ಹೊಲಿಯುತ್ತಿತ್ತು. ಮೇಲೆ ಇಂಡೆಕ್ಸೂ ಇಲ್ಲ: ಕಾಕಾನ ಎರಡೆಕರೆ ಹುಡುಕಲು ಜಿಲ್ಲೆಯ ಹೊಲವೆಲ್ಲ ಸುತ್ತಿ ಬರುತ್ತಿತ್ತು.

ಇಂಡೆಕ್ಸ್ ಹಾಕಿದೆ, ಹೊಲಿದ ಚೌಕಗಳನ್ನು ಕ್ಯಾಶಿನಲ್ಲಿ ಕೂಡಿಟ್ಟೆ. ಮತ್ತೆ ಫೋನು: "ಈಗ ಭಾಳ ಜಲ್ದಿ ಬಂತು ನೋಡು. ಆದ್ರ ಬಾಜೂದವನ ಬದು ನನ್ನ ಕಡಿ ಯಾಕ ಸರದದ?"